ಇಪ್ಪತ್ತು ನಿಮಿಷದ ಓದು

೧೯ ನವೆಂಬರ್, ಬುಧವಾರ
ಕಾಲೇಜಿನ ಲೈಬ್ರರಿ, ಹಿಂದಿನ ಬೆಂಚು

ಪ್ರೀತಿಯ ಅಕ್ಕ,

ಮೊದಲು ಸಾರಿ ಕೇಳುತ್ತೇನೆ. ತಡವಾಗಿ ಬರೆಯುತ್ತಿರುವುದಕ್ಕಲ್ಲ, ಬರೆಯುತ್ತಿರುವುದಕ್ಕೇ. ಈ ಕಾಲದಲ್ಲಿ ಕವರ್ ಅಂಟಿಸಿದ ಪತ್ರ ಬಂದರೆ ಏನೋ ಕೆಟ್ಟದ್ದಾಗಿದೆ ಅಂತ ನಿನ್ನ ಎದೆ ಧಸಕ್ಕೆನ್ನಬಹುದು. ಹಾಗೇನೂ ಆಗಿಲ್ಲ. ಅಪ್ಪನ ಮೊಣಕಾಲು ನೋವು ಕಡಿಮೆಯಾಗಿದೆ. ಅಮ್ಮನಿಗೆ ಹೊಸ ಕನ್ನಡಕ ಬಂದಿದೆ, ಸೂಜಿಗೆ ದಾರ ತಾನೇ ಪೋಣಿಸುತ್ತಾಳೆ. ಫೋನ್ ಮಾಡೋಣವೆಂದರೆ ನಮ್ಮ ಮನೆಯ ಫೋನ್ ಮಾತು ನಿನಗೆ ಗೊತ್ತೇ ಇದೆ, ಸ್ಪೀಕರ್ ಹಾಕಿ ಟೇಬಲ್ ನಡುವೆ ಇಟ್ಟು ನಾಲ್ಕೂ ಜನ ಒಟ್ಟಿಗೆ ಕೂಗುವುದು. ಮೆಸೇಜ್ ಹಾಕಿದರೆ ನೀನು ಆಸ್ಪತ್ರೆ ಡ್ಯೂಟಿಯ ನಡುವೆ ಅರ್ಧ ಓದಿ, ಆ ಕ್ಷಣವೇ ಅಮ್ಮನಿಗೆ ಫೋನ್ ಮಾಡುತ್ತೀಯ. ಇದು ಕೂತು ಓದಬೇಕಾದ ಸಂಗತಿ.

ಇನ್ನೊಂದು ವಿಷಯ. ಹಾಸ್ಟೆಲಿನಲ್ಲಿ ಹತ್ತು ವರ್ಷ ಪ್ರತಿ ಭಾನುವಾರ ಮನೆಗೆ ಪತ್ರ ಬರೆಸುತ್ತಿದ್ದರು, ಕವರ್ ಮುಚ್ಚುವ ಮೊದಲು ವಾರ್ಡನ್ ಓದುತ್ತಿದ್ದರು. ಅದಕ್ಕೇ ಅವೆಲ್ಲ ಒಂದೇ ಥರ ಇದ್ದವು, ನಾನು ಕ್ಷೇಮ, ಊಟ ಚೆನ್ನಾಗಿದೆ, ಓದು ಚೆನ್ನಾಗಿದೆ. ಇದು ವಾರ್ಡನ್ ಓದದ ನನ್ನ ಮೊದಲ ಪತ್ರ. ಹಾಗಾಗಿ ಹೇಗೆ ಬರೆಯಬೇಕೆಂದು ಗೊತ್ತಾಗುತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಪುಟ್ಟ ಹೇಗಿದ್ದಾನೆ? ಗೋಡೆ ಹಿಡಿದು ನಿಲ್ಲುತ್ತಾನೆ ಅಂತ ಭಾವ ಹೇಳಿದರಂತೆ.

ಸರಿ, ವಿಷಯಕ್ಕೆ ಬರುತ್ತೇನೆ. ವಿಷಯ ನಮ್ಮಿಬ್ಬರ ತಂಗಿ ಪಿಟೀಲು. ತೊಟ್ಟಿಲಲ್ಲಿ ಅವಳು ಎಳೆಯುತ್ತಿದ್ದ ರಾಗ ಕೇಳಿ ನೀನೇ ಇಟ್ಟ ಹೆಸರು, ಈಗ ಏಳು ತುಂಬಿದರೂ ದನಿ ಹಾಗೇ ಇದೆ. ಅವಳ ಸ್ಕೂಲಿನಲ್ಲಿ ಈ ವರ್ಷ ಒಂದು ಹೊಸ ಪದ್ಧತಿ. ಪ್ರತಿ ಸೋಮವಾರ ಒಂದು ಇಂಗ್ಲಿಷ್ ಕಥೆ ಪುಸ್ತಕ ಮನೆಗೆ ಕಳಿಸುತ್ತಾರೆ. ಮಗು ದಿನಾ ಸಂಜೆ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಬೇಕು, ಮನೆಯವರು ಕೇಳಿ ಕಾರ್ಡಿಗೆ ಸಹಿ ಹಾಕಬೇಕು. ಶುಕ್ರವಾರ ಮಿಸ್ ಅದೇ ಪುಸ್ತಕದಿಂದ ನಾಲ್ಕು ಸಾಲು ಓದಿಸುತ್ತಾರೆ. ಸರಿಯಾಗಿ ಓದಿದರೆ ಮೇಲಿನ ಬಣ್ಣದ ಸ್ಟಿಕ್ಕರ್. ನಾನು ಜೂನ್‌ನಲ್ಲಿ ಮನೆಗೆ ಬಂದಾಗ ಪಿಟೀಲು ಬಿಳಿಯಲ್ಲಿದ್ದಳು, ಅಂದರೆ ಎಲ್ಲರಿಗಿಂತ ಕೆಳಗೆ. ಅಮ್ಮ ಕಾರ್ಡನ್ನು ನನ್ನ ಕೈಗಿಟ್ಟು, "ನೀನು ಇಂಗ್ಲಿಷ್‌ನಲ್ಲೇ ಬೆಳೆದೋಳು, ಇದು ಇನ್ಮೇಲೆ ನಿಂದು" ಅಂದಳು.

ಆಕ್ಚುಲಿ ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ಹತ್ತು ವರ್ಷದ ಮೇಲೆ ಮನೆಗೆ ಬಂದರೆ ಮನೆಯವರು ನನ್ನನ್ನು ನೆಂಟರ ಹಾಗೆ ನೋಡುತ್ತಿದ್ದರು. ನನಗೊಂದು ಬೇರೆ ಟವೆಲ್. ಬಡಿಸುವಾಗ "ಸಾಕಾ, ಇನ್ನೊಂಚೂರು ಹಾಕ್ಲಾ" ಅಂತ ಅಮ್ಮ ಕೇಳುತ್ತಿದ್ದಳು. ಪಿಟೀಲಿಗೆ ಯಾವತ್ತೂ ಕೇಳಲ್ಲ, ಸುಮ್ಮನೆ ಸುರಿಯುತ್ತಾಳೆ. ಡಬ್ಬಿಗಳು ಎಲ್ಲಿವೆ ಅಂತಲೂ ನನಗೆ ಗೊತ್ತಿರಲಿಲ್ಲ. ಆ ಕಾರ್ಡ್ ಸಿಕ್ಕಮೇಲೆ ನಾನೂ ಈ ಮನೆಯವಳು ಅನ್ನಿಸಿತು.

ಅಮ್ಮ ಬಟ್ಟೆ ಕತ್ತರಿಸುವ ಟೇಬಲ್ಲಿನ ಕಿಟಕಿ ಕಡೆಯ ಮೂಲೆ ನಮ್ಮದು. ಐದೂವರೆಗೆ ಸರಿಯಾಗಿ ಅಮ್ಮ ಹೊಲಿಗೆ ಮಷೀನ್ ನಿಲ್ಲಿಸುತ್ತಾಳೆ. ಜಿಪ್ಪು ಕೂರಿಸಿಕೊಳ್ಳಲು ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಅಷ್ಟೇ, "ಮಗು ಓದ್ತಿದೆ, ಒಂಚೂರು ಕೂತ್ಕೊಳ್ಳಿ" ಅನ್ನುತ್ತಾಳೆ. ತನಗೆ ಒಂದಕ್ಷರ ಅರ್ಥವಾಗದ ಇಂಗ್ಲಿಷನ್ನು ಕೈ ಮಡಿಲಲ್ಲಿಟ್ಟು ಇಪ್ಪತ್ತು ನಿಮಿಷ ಕೇಳುತ್ತಾಳೆ. ಆ ಮುಖ ನೀನು ನೋಡಬೇಕು ಅಕ್ಕ. ಬೇಡ, ನೋಡಬೇಡ.

ನಾನು ಮಾಡಿದ್ದು ಇಷ್ಟೆ. ಕಾಲೇಜಿನಲ್ಲಿ ನನ್ನದೇ ಪಾಡು ಇರುತ್ತಿತ್ತು, ಪಾಠ ಬೆಟ್ಟದಷ್ಟು ಬಾಕಿ. ಹಾಗಾಗಿ ಹಾಸ್ಟೆಲಿನ ರೀತಿ ಹಿಡಿದೆ. ಅಲ್ಲಿ ದೊಡ್ಡವರು ಒಂದು ಸಾಲು ಓದುತ್ತಾರೆ, ಚಿಕ್ಕವರು ಒಟ್ಟಿಗೆ ಹೇಳುತ್ತಾರೆ. ನಾನು ಓದುತ್ತಿದ್ದೆ, ಪಿಟೀಲು ಹೇಳುತ್ತಿದ್ದಳು. ಬುಧವಾರದ ಹೊತ್ತಿಗೆ ನಾನು ಬಾಯಿ ತೆರೆಯಬೇಕಾಗಿಯೇ ಇರಲಿಲ್ಲ, ಅವಳೊಬ್ಬಳೇ ಓದುತ್ತಿದ್ದಳು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಬೆರಳಿಟ್ಟು ಹಾಳೆ ತಿರುಗಿಸುತ್ತಾ. ಬಿಳಿ ಹೋಗಿ ಹಳದಿ ಬಂತು, ಹಳದಿ ಹೋಗಿ ಹಸಿರು. ಅಪ್ಪ ಕಾರ್ಡನ್ನು ಲಿಫ್ಟ್ ರಿಪೇರಿ ಚೀಲದಲ್ಲಿಟ್ಟುಕೊಂಡು ಹೋಗಿ ಜೊತೆಯವರಿಗೆಲ್ಲ ತೋರಿಸಿ ಬಂದರು.

ಅಕ್ಟೋಬರಿನಲ್ಲಿ ಒಂದು ಸಂಜೆ ಅವಳು ಕರಡಿಯ ಕಥೆ ಓದುತ್ತಿದ್ದಳು. ನಾನು ಪಕ್ಕದಲ್ಲಿ ನನ್ನ ನೋಟ್ಸ್ ಬರೆಯುತ್ತಿದ್ದೆ. ಸುಮ್ಮನೆ ಕಣ್ಣು ಹಾಯಿಸಿದರೆ ಎರಡು ಹಾಳೆ ಜಾಮ್‌ಗೆ ಅಂಟಿಕೊಂಡಿವೆ. ಕರಡಿ ನದಿ ದಾಟುವ ಪುಟ ಆ ಅಂಟಿನೊಳಗೆ. ಪಿಟೀಲು ಅದರ ಮುಂದಿನ ಪುಟದ ಮೇಲೆ ಬೆರಳಿಟ್ಟುಕೊಂಡು, ಕಾಣದ ಆ ನದಿಯನ್ನು ಒಂದು ಪದ ತಪ್ಪದೆ ಓದಿ ಮುಗಿಸಿದಳು. ನಾನು ಮೊದಲ ದಿನ ಓದುವಾಗ ಗಂಟಲು ಸರಿಮಾಡಿಕೊಂಡಿದ್ದೆನಲ್ಲ, ಅಲ್ಲಿ ತಾನೂ ಗಂಟಲು ಸರಿಮಾಡಿಕೊಂಡಳು.

ಅಮ್ಮ "ಎಷ್ಟು ಸಲೀಸಾಗಿ ಓದ್ತಾಳಲ್ಲ" ಅಂದಳು. ನಾನು ಕಾರ್ಡಿಗೆ ಸಹಿ ಹಾಕಿದೆ.

ಮರುದಿನ ಅವಳನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಚೀಟಿಯಲ್ಲಿ ಒಂದೊಂದೇ ಪದ ಬರೆದು ತೋರಿಸಿದೆ. ಅವಳು ಚೀಟಿ ನೋಡಲೇ ಇಲ್ಲ, ನನ್ನ ಮುಖ ನೋಡಿದಳು. "ನೀನು ಮೊದಲು ಹೇಳು, ಆಮೇಲೆ ನಾನು" ಅಂದಳು. ಅವಳ ಪ್ರಕಾರ ಓದುವುದೆಂದರೆ ಅದೇ. ಶುಕ್ರವಾರ ಮಿಸ್ ತೆರೆದ ಪುಟದ ಚಿತ್ರ ನೋಡಿ, ಬಾಯಿಪಾಠದ ಸಾಲು ಹೇಳಿಬಿಡುತ್ತಿದ್ದಳು. ಮೋಸ ಅವಳದಲ್ಲ ಅಕ್ಕ. ಓದು ಅಂದರೆ ಅದು ಅಂತ ಕಲಿಸಿದವಳು ನಾನು.

ಅವತ್ತೇ ಹೇಳಿಬಿಡಬೇಕಿತ್ತು. ಹೇಳಲು ಹೋದೆ ಕೂಡ. ಒಳಗೆ ಅಮ್ಮ ಅಪ್ಪ ಅವಳ ಓದಿನ ಮಾತೇ ಆಡುತ್ತಿದ್ದರು. ಪಿಟೀಲಿಗೆ ಏಪ್ರಿಲ್‌ಗೆ ಎಂಟು ತುಂಬುತ್ತದೆ, ನನ್ನ ಹಾಸ್ಟೆಲಿನವರು ಎಂಟಕ್ಕೆ ತೆಗೆದುಕೊಳ್ಳುತ್ತಾರೆ, ಫಾರಂ ಆಗಲೇ ತರಿಸಿ ಬಟ್ಟೆ ಗಂಟುಗಳ ಮೇಲಿನ ಶೆಲ್ಫಿನಲ್ಲಿಟ್ಟಿದ್ದಾರೆ. ಅಪ್ಪ ನನ್ನನ್ನು ನೋಡಿ, ಇವಳು ಕೂತು ಓದಿಸುತ್ತಿರುವಾಗ ಹಾಸ್ಟೆಲ್ ಯಾಕೆ ಅಂದರು. ಅಮ್ಮ, "ಮನೇಲಿ ಕಲಿತರೆ ಮನೇಲೇ ಇರಲಿ. ಕಲೀಲಿಲ್ಲ ಅಂದ್ರೆ ಅಲ್ಲಿಗೆ. ಇವಳನ್ನೇ ನೋಡಿ, ಹೇಗೆ ತಯಾರಾಗಿ ಬಂದ್ಳು" ಅಂದಳು. ತಯಾರಾಗಿ ಬಂದ ನಾನು ಬಾಗಿಲಲ್ಲಿ ನಿಂತು, ನೀರು ಕುಡಿಯಲು ಬಂದೆ ಅಂದೆ.

ಬೇಸಿಕಲಿ ನನ್ನ ಪರಿಸ್ಥಿತಿ ಅರ್ಥವಾಯಿತಲ್ಲ? ನಿಜ ಹೇಳಿದರೆ ಅವಳು ಹಾಸ್ಟೆಲಿಗೆ. ಹೇಳದಿದ್ದರೆ ಸ್ಟಿಕ್ಕರ್ ಮೇಲೇರುತ್ತಲೇ ಹೋಗುತ್ತದೆ. ಗುಟ್ಟಾಗಿ ಕಲಿಸಿಬಿಡೋಣ, ಯಾರಿಗೂ ಗೊತ್ತಾಗದ ಹಾಗೆ ಸರಿಹೋಗಲಿ ಅಂದುಕೊಂಡೆ. ದಿನಾ ಸಂಜೆ ಟೇಬಲ್ಲಿನಲ್ಲಿ ನಾಟಕದ ಓದು, ಆಮೇಲೆ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಓದು. ಐದು ವಾರದಲ್ಲಿ ಹದಿನಾಲ್ಕು ಪದ ಬಂದಿವೆ. ಅದರಲ್ಲಿ ಎರಡು ಡೌಟು.

ಕಳೆದ ಶುಕ್ರವಾರ ನೀಲಿ ಸ್ಟಿಕ್ಕರ್ ಬಂತು. ಅದೇ ಕೊನೆಯ ಬಣ್ಣ, ಅವಳ ಕ್ಲಾಸಿನಲ್ಲಿ ಮೊದಲು ಮುಟ್ಟಿದವಳು ಅವಳೇ. ಜೊತೆಗೆ ಒಂದು ಚೀಟಿ. ಇದೇ ತಿಂಗಳ ಇಪ್ಪತ್ತೊಂಬತ್ತು, ಶನಿವಾರ, ಎಲ್ಲ ತಂದೆತಾಯಿಯರ ಮುಂದೆ ಪಿಟೀಲು ಓದುತ್ತಾಳೆ. ಯಾರೂ ಮೊದಲು ನೋಡಿರದ ಹೊಸ ಪುಸ್ತಕ, ಅಲ್ಲೇ ತೆರೆದು ಕೊಡುತ್ತಾರೆ. ಅಪ್ಪ ಡ್ಯೂಟಿ ಬದಲಾಯಿಸಿಕೊಂಡರು. ಅಮ್ಮ ಅವಳಿಗೊಂದು ಫ್ರಾಕ್ ಕತ್ತರಿಸಿದ್ದಾಳೆ, ಗಿರಾಕಿಗಳ ಬಟ್ಟೆ ಬದಿಗಿಟ್ಟು.

ಸೋಮವಾರ ಕ್ಲಾಸ್ ಬಿಟ್ಟು ಸ್ಕೂಲಿಗೆ ಹೋದೆ, ಮಿಸ್‌ಗಾದರೂ ಹೇಳಿಬಿಡೋಣ ಅಂತ. ದಾರಿಯುದ್ದಕ್ಕೂ ಮೊದಲ ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಗೇಟಿನಲ್ಲಿ ನನ್ನನ್ನು ಕಂಡ ಕೂಡಲೇ ಮಿಸ್ ಕೈ ಹಿಡಿದುಕೊಂಡು ಸ್ಟಾಫ್ ರೂಮಿಗೆ ಕರೆದುಕೊಂಡು ಹೋಗಿ, ದಿನಾ ಕೂತು ಓದಿಸುವ ಅಕ್ಕ ಇವಳೇ ಅಂತ ಎಲ್ಲರಿಗೂ ತೋರಿಸಿದರು. ಶನಿವಾರ ಪಿಟೀಲು ಓದಿದ ಮೇಲೆ ನಾನು ಐದು ನಿಮಿಷ ಮಾತಾಡಬೇಕಂತೆ. ಮನೆಯಲ್ಲಿ ಮಕ್ಕಳ ಓದಿಗೆ ನಾವು ಹೇಗೆ ನೆರವಾಗಬಹುದು ಅನ್ನುವುದರ ಬಗ್ಗೆ. ನಗು ಬಂದರೆ ನಕ್ಕುಬಿಡು. ಹಾಸ್ಟೆಲಿನ ಅಭ್ಯಾಸ ಬಾಯಿಗೆ ಬಂತು. "ಆಗಲಿ ಮಿಸ್" ಅಂದೆ.

ನಿನ್ನೆ ಪಿಟೀಲು ಫ್ರಾಕಿನ ಅಳತೆಗೆ ಸ್ಟೂಲಿನ ಮೇಲೆ ನಿಂತಿದ್ದಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅಮ್ಮ ಅಂಚು ಮಡಿಸುತ್ತಿದ್ದಾಳೆ. ಇವಳು ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು, "ಅಕ್ಕಾ, ಹೊಸ ಪುಸ್ತಕ ಅಂದ್ರೆ ನೀನು ಮೊದಲು ಓದ್ಬೇಕಲ್ವಾ? ಸ್ಟೇಜ್ ಮೇಲೆ ನಿಂಗೂ ಒಂದು ಕುರ್ಚಿ ಹಾಕ್ತಾರಾ?"

ಅಮ್ಮ ಪಿನ್ನು ತೆಗೆದು, ಏನದು ಗುಸುಗುಸು ಅಂದಳು. ಏನಿಲ್ಲಮ್ಮ ಅಂದೆವು, ಇಬ್ಬರೂ ಒಟ್ಟಿಗೆ.

ನನಗೆ ಎಲ್ಲೂ ಜಾಗವಿಲ್ಲ ಅಕ್ಕ. ಮನೆಗೆ ಹೋದರೆ ಆ ಫ್ರಾಕ್ ನೇತಾಡುತ್ತಿರುತ್ತದೆ, ಕಾಲೇಜಿಗೆ ಬಂದರೆ ನೋಟ್ಸ್ ಮೇಲೆ ಕಣ್ಣು ನಿಲ್ಲುವುದಿಲ್ಲ. ಬಸ್ಸಿನಲ್ಲಿ ಮಾತ್ರ ಸ್ವಲ್ಪ ಉಸಿರಾಡುವುದು, ಅದೂ ಕಿಟಕಿ ಸಿಕ್ಕಿದರೆ.

ನಾನು ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಮುಂದಿನ ಗುರುವಾರ ಸಂಜೆ ಐದೂವರೆಗೆ, ಅಮ್ಮ ಮಷೀನ್ ನಿಲ್ಲಿಸಿದ ಕೂಡಲೇ, ಅವಳಿಗೂ ಅಪ್ಪನಿಗೂ ಎಲ್ಲ ಹೇಳುತ್ತೇನೆ. ಶುಕ್ರವಾರ ಮಿಸ್‌ಗೆ. ಬೈಗುಳ ತಿನ್ನಲು ನಾನು ರೆಡಿ. ಆದರೆ ಆಮೇಲೆ ಅಮ್ಮ ಆ ಶೆಲ್ಫಿನ ಕಡೆ ಕೈ ಚಾಚಿದರೆ ತಡೆಯುವ ಶಕ್ತಿ ನನಗಿಲ್ಲ. ಹಾಸ್ಟೆಲ್ ಬೇಡ ಅಂತ ನಾನೆಂದರೆ, ನಿನಗೇನಾಗಿದೆ ಅಲ್ಲಿದ್ದು, ಅನ್ನುತ್ತಾರೆ. ಏನಾಗಿದೆ ಅಂತ ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ನಿನಗೆ ಬರೆದೆ.

ಭಾವನಿಗೆ ನನ್ನ ನಮಸ್ಕಾರ. ಪುಟ್ಟನಿಗೆ ಮುದ್ದು. ಅವನಿಗೆ ಯಾವ ಕೇಡೂ ತಟ್ಟದಿರಲಿ, ಯಾವಾಗಲೂ ನಿನ್ನ ಕಣ್ಣಳತೆಯಲ್ಲೇ ಬೆಳೆಯಲಿ.

ನಿನ್ನ
ತಂಗಿ

ಸಹಿ ಹಾಕಿದ ಮೇಲೆ ಬರೆಯುತ್ತಿರುವುದು:

ನನಗೆ ಏಳು, ನಿನಗೆ ಹದಿನೈದು. ನಿನ್ನ ಪರೀಕ್ಷೆ ಹತ್ತಿರವಿತ್ತು, ಆದರೂ ಅದೇ ಟೇಬಲ್ಲಿನಲ್ಲಿ ನನಗೂ ಹೇಳಿಕೊಡುತ್ತಿದ್ದೆ. ಒಂದು ಸಂಜೆ ನಾನು ಆಟಕ್ಕೆ ಬಟ್ಟೆ ಗಂಟುಗಳ ಹಿಂದೆ ಅಡಗಿ ಕೂತಿದ್ದೆ. ನೀನು ಅಮ್ಮನಿಗೆ ಹೇಳಿದೆ, "ನನ್ನ ಕೈಲಿ ಆಗಲ್ಲ. ಇವಳ ತಲೆಗೆ ಏನೂ ಹತ್ತಲ್ಲ. ಎಲ್ಲಾದ್ರೂ ಹಾಸ್ಟೆಲಿಗೆ ಹಾಕ್ಬಿಡಿ." ಎರಡು ತಿಂಗಳಲ್ಲಿ, ನನಗೆ ಎಂಟು ತುಂಬಿದ ಕೂಡಲೇ, ಹಾಕಿದರು. ನಾನು ಕೇಳಿಸಿಕೊಂಡೆ ಅಂತ ನಿನಗೆ ಗೊತ್ತಿಲ್ಲ. ನಿನ್ನ ಮೇಲೆ ಕೋಪವಿದೆಯೋ ಇಲ್ಲವೋ ಅಂತ ಹತ್ತು ವರ್ಷ ನನಗೂ ಗೊತ್ತಾಗಲಿಲ್ಲ. ಈಗ ಇಲ್ಲ, ಯಾಕೆಂದರೆ ಸೋಮವಾರ ಸ್ಕೂಲಿನಿಂದ ಬಂದು, ಮೆಟ್ಟಿಲ ಮೇಲೆ ಒಂದೇ ಪದವನ್ನು ಒಂಬತ್ತು ಸಲ ತೋರಿಸಿ, ನಾನು ಪಿಟೀಲಿನ ಮುಖಕ್ಕೇ ಹೇಳಿದೆ, ನನ್ನ ಕೈಲಿ ಆಗಲ್ಲ, ನಿನ್ನ ತಲೆಗೆ ಏನೂ ಹತ್ತಲ್ಲ.

ಅವಳು ಅಳಲಿಲ್ಲ ಅಕ್ಕ. ಅದೂ ಪಾಠವೇ ಅಂದುಕೊಂಡಳು. ನನ್ನ ತುಟಿ ನೋಡುತ್ತಾ, ನಿಲ್ಲಿಸಬೇಕಾದ ಕಡೆ ನಿಲ್ಲಿಸಿ, ಒಂದು ಪದ ತಪ್ಪದೆ ತಿರುಗಿ ಹೇಳಿದಳು.

ಗುರುವಾರದೊಳಗೆ ನೀನು ಅಮ್ಮನಿಗೆ ಒಂದು ಮಾತು ಹೇಳಬೇಕು, ಪಿಟೀಲು ಮನೆಯಲ್ಲೇ ಇರಲಿ ಅಂತ. ನಿನ್ನ ಮಾತನ್ನು ಅಮ್ಮ ಕೇಳುತ್ತಾಳೆ. ಅವತ್ತೂ ಕೇಳಿದಳು.

ಹೇಳುತ್ತೀಯೋ ಇಲ್ಲವೋ, ಎರಡೇ ಸಾಲಾದರೂ ಸಾಕು, ಕಾಲೇಜಿನ ವಿಳಾಸಕ್ಕೆ ಬೇಗ ಉತ್ತರ ಬರಿ.