ಗೋಡೆಯ ಸ್ವಿಚ್ಚು ಆರಿಸಬೇಡಿ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮರಿ,

ಇಪ್ಪತ್ತು ತುಂಬಿದವಳನ್ನು ಮರಿ ಎನ್ನಬಾರದು ಎಂದು ನೀನು ಮುಖ ಊದಿಸಬಹುದು. ಅಜ್ಜಿ ಕರೆಯುವುದನ್ನೇ ನಾನೂ ಬರೆದೆ, ಜಗಳವಿದ್ದರೆ ಅವರ ಹತ್ತಿರ ಆಡು. ಕಣ್ಣು ಹೇಗಿದೆ? ಓದುವಾಗ ಬರುತ್ತಿದ್ದ ತಲೆನೋವು ಕಡಿಮೆಯಾಯಿತೇ? ಹೊಸ ಕನ್ನಡಕವನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಗಾಜನ್ನು ನಮ್ಮ ಅಂಗಡಿಯಲ್ಲಿ ನಾನೇ ಉಜ್ಜಿ ಕೂರಿಸಿದ್ದು. ಮೂಗಿನ ಮೇಲೆ ಒತ್ತಿದರೆ ಹೇಳು, ಸಡಿಲ ಮಾಡೋಣ. ಪಶು ಆಸ್ಪತ್ರೆಯಲ್ಲಿ ಕುದುರೆಯ ಹಿಂದೆ ನಿಲ್ಲಬಾರದು ಎಂದು ನಿನ್ನಪ್ಪ ಹೇಳಿದ್ದಾರೆ. ಪಶುವೈದ್ಯ ಕಲಿಯುವವಳಿಗೆ ಲಿಫ್ಟ್ ರಿಪೇರಿಯವರ ಬುದ್ಧಿವಾದ, ನೋಡು! ಫೋನಿನಲ್ಲಿ ನಾವಿಬ್ಬರೂ "ಮತ್ತೆ?" "ಮತ್ತೇನಿಲ್ಲ" ಎಂಬಲ್ಲಿಗೇ ಮುಗಿಸಿಬಿಡುತ್ತೇವಲ್ಲ, ಅದಕ್ಕೇ ಈ ಕಾಗದ. ಈ ಸಲ ರಜೆಗೆ ಮನೆಗೆ ಬರುವುದಿಲ್ಲ, ಗೆಳತಿಯ ಮನೆಗೆ ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದೆಯಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸುದ್ದಿ. ನಮ್ಮ ಮನೆಗೆ ಬುದ್ಧಿ ಬಂದಿದೆ. ಮನುಷ್ಯರಿಗಲ್ಲ, ಬಲ್ಬುಗಳಿಗೆ. ನಿನ್ನಪ್ಪ ನಾಲ್ಕು ಸ್ಮಾರ್ಟ್ ಬಲ್ಬು ತಂದರು. ಫೋನಿನಿಂದಲೇ ಹಚ್ಚಿ ಆರಿಸುವಂಥವು. "ಹನ್ನೆರಡು ಮಹಡಿ ಲಿಫ್ಟ್ ಎತ್ತಿ ಇಳಿಸೋನಿಗೆ ಒಂದು ಬಲ್ಬು ಯಾವ ಲೆಕ್ಕ?" ಎಂದು ಸೂಚನೆಯ ಹಾಳೆಯನ್ನು ಬಿಚ್ಚಿಯೂ ನೋಡದೆ ನಾಲ್ಕನ್ನೂ ಒಟ್ಟಿಗೇ ಹಾಕಿದರು. ಹಾಕಿದ್ದೇ ತಡ, ಎಲ್ಲವೂ ಪಿಳಿಪಿಳಿ ಮಿಟುಕತೊಡಗಿದವು. ಕೆಟ್ಟ ಮಾಲು ಕೊಟ್ಟಿದ್ದಾನೆ ಎಂದು ಇವರು ಎಲ್ಲವನ್ನೂ ಬಿಚ್ಚಿಕೊಂಡು ಹೋಗಿ ಜಗಳ ತೆಗೆದರೆ, ಅಂಗಡಿಯವನು "ಸಾರ್, ಮಿಟುಕಿದ್ರೇನೇ ಸರಿ. ನಿಮ್ಮ ಫೋನ್ ಎಲ್ಲಿದೆ ಅಂತ ಅದು ಹುಡುಕ್ತಾ ಇದೆ" ಎಂದನಂತೆ. ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ವಾಪಸು ಬಂದರು.

ಆಮೇಲೆ ಕೆಲಸ ನನ್ನ ಕೈಗೆ ಬಂತು. ದಿನವಿಡೀ ಸಾಸಿವೆಯಷ್ಟು ಸ್ಕ್ರೂಗಳ ಜೊತೆ ಏಗುವವಳಿಗೆ ತಾಳ್ಮೆಯೊಂದಕ್ಕೆ ಬರವಿಲ್ಲ. ಒಂದು ಬಲ್ಬು ಹಾಕುವುದು, ಅದು ಮಿಟುಕುತ್ತಿರುವಾಗ ಆ್ಯಪ್ ತೆರೆದು ಮನೆಯ ವೈಫೈ ಪಾಸ್‌ವರ್ಡ್ ಕೊಡುವುದು, ಅದು ಸುಮ್ಮನಾದ ಮೇಲೆ ಹೆಸರಿಟ್ಟು ಯಾವ ಕೋಣೆಯದು ಎಂದು ಹೇಳುವುದು, ಆಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕುವುದು. ಅಷ್ಟೇ ಗುಟ್ಟು. ಈಗ ಎದುರು ಮನೆಯವರೂ ನನ್ನನ್ನೇ ಸಲಹೆ ಕೇಳುತ್ತಾರೆ. ಹಾಳೂರಿಗೆ ಉಳಿದವನೇ ಗೌಡ.

ಆದರೆ ಅಜ್ಜಿ ಇದ್ದಾರಲ್ಲ! ಈ ಬಲ್ಬುಗಳಿಗೆ ಗೋಡೆಯ ಸ್ವಿಚ್ಚು ಯಾವಾಗಲೂ ಹಾಕಿಯೇ ಇರಬೇಕು, ಇಲ್ಲವಾದರೆ ಫೋನು ಎಷ್ಟು ಒತ್ತಿದರೂ ಕೇಳುವುದಿಲ್ಲ. ಅಜ್ಜಿಯೋ ಜೀವಮಾನವೆಲ್ಲ ಸ್ವಿಚ್ಚು ಆರಿಸುತ್ತಲೇ ಬಂದವರು. "ಯಾರಪ್ಪನ ಮನೆ ಗಂಟು ಅಂತ ಉರಿಸ್ತೀರಿ?" ಎನ್ನುತ್ತ ಕೋಣೆ ಕೋಣೆಗೂ ಹೋಗಿ ಟಕ್ ಟಕ್. "ಗೋಡೆಯ ಸ್ವಿಚ್ಚು ಆರಿಸಬೇಡಿ" ಎಂದು ಬರೆದು ಅಂಟಿಸಿದೆ. ಅದನ್ನು ಕಿತ್ತು, ಮಡಿಸಿ, ಅಲ್ಲಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟರು. ಕೊನೆಗೆ ನನ್ನ ಹಳೆಯ ಫೋನನ್ನೇ ಅವರ ಕೈಗಿಟ್ಟು ತೋರಿಸಿದೆ. "ಮಲಗಿದಲ್ಲೇ ಆರಿಸ್ಬಹುದು ಅಂತ ಮೊದಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?" ಎಂದು ನನಗೇ ಬೈಗುಳ. ಈಗ ನಿನ್ನಪ್ಪ ಸ್ನಾನಕ್ಕೆ ಹೋದರೆ ಸಾಕು, ತಲೆಗೆ ಸೋಪು ಹಚ್ಚುವ ಹೊತ್ತಿಗೆ ದೀಪ ಮಾಯ. ಒಳಗಿನಿಂದ ಇವರ ಕೂಗಾಟ, ಹೊರಗೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುವುದು. ನಾನು ಸುಖವಾಗಿದ್ದೇನೆ, ಸುಳ್ಳು ಹೇಳಲಾರೆ.

ಈಗ ರಜೆಯ ವಿಷಯ. ಇವರು "ಹೋಗ್ಲಿ ಬಿಡು, ವಯಸ್ಸಿನ ಹುಡುಗಿ" ಎಂದರು. ನನಗೆ ಹಾಗೆ ಬಿಡಲಾಗುತ್ತಿಲ್ಲ. ಹೋದ ಸಲ ಬಂದಾಗ ನೀನು ಫ್ರಿಜ್ ತೆಗೆಯಲೂ ನನ್ನ ಅಪ್ಪಣೆ ಕೇಳಿದೆ. ಕುಡಿದ ಲೋಟವನ್ನು ಆಗಲೇ ತೊಳೆದಿಟ್ಟೆ. ನನ್ನನ್ನು ಏನೆಂದು ಕರೆಯುವುದೋ ತಿಳಿಯದೆ ಪ್ರತಿಯೊಂದು ಮಾತನ್ನೂ "ಕೇಳಿಸ್ತಾ" ಎಂದೇ ಶುರು ಮಾಡಿದೆ. ಹೊರಡುವ ದಿನ ಹಾಸಿಗೆಯ ಬಟ್ಟೆಗಳನ್ನು ಲಾಡ್ಜಿನಲ್ಲಿ ಮಾಡುವಂತೆ ಮಡಿಸಿ ಮಂಚದ ಕಾಲಬದಿಗೆ ಇಟ್ಟು ಹೋಗಿದ್ದೆ. ಅದನ್ನು ನೋಡಿ ನನಗೆ ಅಳು ಬಂತು, ಮರಿ. ನೀನು ಹುಟ್ಟಿ ಬೆಳೆದ ಮನೆ ಇದು. ನಿನ್ನಪ್ಪನನ್ನು ಮದುವೆಯಾಗಿ ನಾನು ಬಂದು ಎರಡೇ ವರ್ಷ, ಬಂದ ತಿಂಗಳೇ ನೀನು ಹಾಸ್ಟೆಲಿಗೆ ಹೊರಟೆ. ತೀರಿಹೋದ ನಿನ್ನ ಅಮ್ಮನ ಜಾಗ ನನಗೆ ಬೇಡ, ಅದು ಎಂದೆಂದಿಗೂ ಅವರದೇ. ನಿನ್ನ ಜಾಗವನ್ನಂತೂ ನಾನು ಮುಟ್ಟಿಲ್ಲ. ನಿನ್ನ ಕೋಣೆಯ ಮೇಜಿಗೂ ಒಂದು ಬಲ್ಬು ಹಾಕಿದ್ದೇನೆ, ಓದಲು ಹಿತವಾದ ಬೆಳಕಿನದು.

ಹೊತ್ತಿಗೆ ಸರಿಯಾಗಿ ಉಣ್ಣು. ಅಜ್ಜಿ ಆಶೀರ್ವಾದ ಹೇಳಿದ್ದಾರೆ, ಹಾಸ್ಟೆಲಿನ ಫ್ಯಾನು ಆರಿಸಿ ಹೊರಗೆ ಹೋಗಬೇಕೆಂದೂ ಹೇಳಿದ್ದಾರೆ. ಅಪ್ಪ ಮುದ್ದು ಹೇಳಿದ್ದಾರೆ.

ಇಂತಿ ನಿನ್ನ,
ಕನ್ನಡಕದಂಗಡಿಯವಳು

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಈ ಆ್ಯಪ್‌ಗೆ ಮನೆಯವರನ್ನೆಲ್ಲ ಸೇರಿಸಬೇಕು. ರಜೆಗೆ ಮಾತ್ರ ಬರುವವಳು ಎಂದು ನಿನ್ನಪ್ಪ ನಿನ್ನನ್ನು "ಅತಿಥಿ" ಎಂದು ಹಾಕಿದ್ದರು. ನನಗೆ ತಡೆಯಲಾಗಲಿಲ್ಲ, ಅಳಿಸಿ "ಯಜಮಾನಿ" ಎಂದು ಹಾಕಿದೆ. ಅತಿಥಿಗಾದರೆ ಮನೆಯೊಳಗೆ ಇದ್ದಾಗ ಮಾತ್ರ ದೀಪ ಹಚ್ಚುವ ಅವಕಾಶ. ಯಜಮಾನಿಗೆ ಎಲ್ಲಿದ್ದರೂ ಅಧಿಕಾರ. ಬೇಡವಾದವರನ್ನು ಮನೆಯಿಂದ ತೆಗೆದುಹಾಕಲೂಬಹುದು, ನನ್ನನ್ನೂ ಸೇರಿಸಿ. "ಖಚಿತವೇ?" ಎಂದು ಫೋನು ಕೇಳಿತು. ಹೌದು ಎಂದು ಒತ್ತಿದೆ. ನಿನ್ನ ಫೋನಿಗೆ ಆಹ್ವಾನ ಬಂದಿರಬೇಕು, ಇಲ್ಲಿ ನಿನ್ನ ಹೆಸರಿನ ಮುಂದೆ ಇನ್ನೂ "ಕಾಯುತ್ತಿದೆ" ಎಂದೇ ತೋರಿಸುತ್ತಿದೆ. ಒಪ್ಪಿಕೊಂಡುಬಿಡು, ಮರಿ. ಆಮೇಲೆ ನನ್ನನ್ನು ತೆಗೆದುಹಾಕಬೇಕೆನಿಸಿದರೆ ಹಾಕು, ಆದರೆ ರಜೆಗೆ ಮನೆಗೆ ಬಂದು ಹಾಕು.