ಒಂಬತ್ತು ಕೊಠಡಿ, ಒಂದೇ ಹೆಸರು

೧೯-೫-೧೯೮೭, ಮಂಗಳವಾರ. ಬೆಳಿಗ್ಗೆ ೬.೩೦

ಗೋದಮ್ಮ ಬರೆದಿರುವುದು ತಪ್ಪು. ಒಂದಲ್ಲ, ನಾಲ್ಕು ತಪ್ಪು. ಕಾಫಿ ಕುಡಿಯುತ್ತ ಅವಳ ಕಾಗದದ ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಗುರುತು ಹಾಕಿದ್ದೇನೆ. ಹಳೆಯ ಅಭ್ಯಾಸ.

ಗೋದಮ್ಮ ನನ್ನ ತಮ್ಮ ವೆಂಕಟೇಶಮೂರ್ತಿಯ ಹೆಂಡತಿ. ಅವರ ಮಗಳು ಇಂದುಮತಿಯ ಮದುವೆ ಮುಗಿಸಿ ಇಂದಿಗೆ ಒಂಬತ್ತು ದಿನ. ಬರೆದಿದ್ದಾಳೆ: "ಬೀಗರಿಗೆ ಅಂತ ಹತ್ತು ರೂಮು ಹಿಡಿದಿದ್ದೆವು. ಆ ಲಾಡ್ಜಿನ ಸಾದಿಕ್ ಟೆಲಿಗ್ರಾಂ ಬಚ್ಚಿಟ್ಟು ಎಲ್ಲಾ ಕೆಡಿಸಿದ. ಅವನಿಗೇನು ಗೊತ್ತು ನಮ್ಮ ಪದ್ಧತಿ."

ಒಂದನೆಯದು: ಕೊಠಡಿಗಳು ಹತ್ತಲ್ಲ, ಒಂಬತ್ತು.

ಎರಡನೆಯದು: ಹಿಡಿದವರು "ನಾವು" ಅಲ್ಲ. ನಾನು. ಮಾರ್ಚ್ ತಿಂಗಳಲ್ಲಿಯೇ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಚಿಂತಾಮಣಿಗೆ ಹೋಗಿ ಗೊತ್ತುಮಾಡಿ ಬಂದೆ. ಹಿಂದಿನಂತೆ ಬಿಡದಿಗೆ ಅಕ್ಕಪಕ್ಕದವರು ಮನೆ ಬಿಟ್ಟುಕೊಡುವ ಕಾಲ ಹೋಯಿತು. ಗಂಡಿನ ಕಡೆಯವರು ಗೌರಿಬಿದನೂರಿನಿಂದ ಮೂವತ್ತೊಂದು ಜನ. ಎಲ್ಲರೂ ಒಂದೇ ಕಡೆ ಇರಬೇಕು. ಲಾಡ್ಜಿನ ಮ್ಯಾನೇಜರ್ ಸಾದಿಕ್ ಪಾಷಾ ನನ್ನ ಹಳೆಯ ವಿದ್ಯಾರ್ಥಿ. ಆರನೆಯ ತರಗತಿಯಲ್ಲಿ ಎರಡು ವರ್ಷ ಕೂತವನು. ಅವನೇ ಹೇಳಿದ: "ಭಾನುವಾರ ಸಂತೆ, ಟೀಚರಮ್ಮ. ಮದನಪಲ್ಲಿ ಮಂಡಿಯೋರು ಶನಿವಾರಾನೇ ಬಂದು ಬೀಳ್ತಾರೆ. ಒಂಬತ್ತೂ ಬೇಕಂದ್ರೆ ಒಂದೇ ಹೆಸರಲ್ಲಿ ಬರ್ಸಿ. ನಾಕು ಹೆಸರಾದ್ರೆ ನಮ್ ಓನರ್ ಒಂದೊಂದೇ ಕಿತ್ತು ಕೊಟ್ಬಿಡ್ತಾರೆ." ನನ್ನ ಹೆಸರನ್ನೇ ಬರೆಸಿದೆ. ಯಾವ ಕಾಗದ ಬಂದರೂ, ಯಾವ ಕರೆ ಬಂದರೂ ಮೊದಲು ನನಗೇ ತಿಳಿಸಬೇಕು, ಬೀಗರನ್ನು ಯಾರೂ ತೊಂದರೆಪಡಿಸಕೂಡದು ಎಂದು ಅಪ್ಪಣೆಯನ್ನೂ ಮಾಡಿದೆ.

ಮೂರನೆಯದು: ಸಾದಿಕ್‌ಗೆ ನಮ್ಮ ಪದ್ಧತಿ ತಿಳಿಯದೆಂಬುದು. ವರನ ಕೊಠಡಿಗೆ ಹೊಸ ಚಾಪೆ, ಕನ್ನಡಿ, ಬಾಚಣಿಗೆ, ಹರಳೆಣ್ಣೆ, ಸೀಗೆಪುಡಿ ಇಡಬೇಕೆಂದು ನಾನು ಹೇಳುವ ಮೊದಲೇ ಇಡಿಸಿದ್ದವನು ಅವನು. ಮರೆತಿದ್ದವಳು ಗೋದಮ್ಮ.

ನಾಲ್ಕನೆಯದನ್ನು ನಾಳೆ ಬರೆಯುತ್ತೇನೆ. ಬಟ್ಟೆ ನೆನೆಹಾಕಿದೆ.

೨೦-೫-೧೯೮೭, ಬುಧವಾರ. ಬೆಳಿಗ್ಗೆ ೧೦

ಬರೆಯುತ್ತೇನೆಂದ ಮೇಲೆ ಬರೆಯಬೇಕು.

ಮೇ ಒಂಬತ್ತು, ಶನಿವಾರ. ಸಂಜೆ ಐದೂಕಾಲು. ವರಪೂಜೆಗೆ ಇನ್ನೂ ಹೊತ್ತಿತ್ತು. ಲಾಡ್ಜಿನ ಕೆಳಗಿನ ಪಡಸಾಲೆಯಲ್ಲಿ ಕುಳಿತು ಮರುದಿನ ಬೆಳಗಿನ ಬಿಸಿನೀರಿಗೆ ಯಾವ ಕೊಠಡಿಯವರ ಸರದಿ ಎಷ್ಟು ಗಂಟೆಗೆಂದು ಬರೆಯುತ್ತಿದ್ದೆ. ಸಾದಿಕ್ ಬಂದ.

"ಟೀಚರಮ್ಮ, ಇನ್ನೊಂದು ಟೆಲಿಗ್ರಾಂ. ಬೀಗರ ಹೆಸರಿಗೈತೆ. ಮೇಲಕ್ಕೆ ಕೊಟ್ಬರ್ಲಾ?"

"ನಾನು ಏನು ಹೇಳಿದ್ದೆ?"

"ಎಲ್ಲಾ ನಿಮ್ ಕೈಗೇ ಅಂತ." ನಕ್ಕ. "ತಗೊಳ್ಳಿ. ಕ್ಲಾಸಲ್ಲಿ ಸೀಟಿ ಕಸ್ಕೊಂಡಂಗೆ ಕಸ್ಕೊಳ್ಳಿ."

ಬೆಳಗಿನಿಂದ ಶುಭಾಶಯದ ತಂತಿಗಳು ಮೂರು ಬಂದಿದ್ದವು. ಇದೂ ಅದೇ ಎಂದು ಒಡೆದೆ. ಮಧುಗಿರಿಯಿಂದ. ಬೀಗರಾದ ಪುಟ್ಟಸ್ವಾಮಯ್ಯನವರ ಅಣ್ಣ ಅಂದು ಮಧ್ಯಾಹ್ನ ತೀರಿಕೊಂಡಿದ್ದರು. ಮರುದಿನ ಬೆಳಿಗ್ಗೆ ಹತ್ತರವರೆಗೆ ಕಾಯುತ್ತೇವೆ ಎಂದಿತ್ತು. ಕಳುಹಿಸಿದವರು ಯಾರೋ ನೆರೆಯವರು.

ನನ್ನ ಪಟ್ಟಿಯಲ್ಲಿ ಆ ಹಿರಿಯರ ಹೆಸರಿನ ಮುಂದೆ "ಅನಾರೋಗ್ಯ, ಬರುವುದಿಲ್ಲ" ಎಂದು ಬರೆದು ಗೆರೆ ಎಳೆದಿದ್ದೆ.

ಸಾದಿಕ್ ನನ್ನ ಮುಖ ನೋಡುತ್ತಿದ್ದ. "ಕೆಟ್ಟ ಸುದ್ದೀನಾ?"

"ಅವರ ಅಣ್ಣ ಹೋಗಿಬಿಟ್ಟರು. ಧಾರೆ ಆಗಲಿ. ಆಮೇಲೆ ಕೊಡೋಣ."

"ನಾಳೆಗಂಟ? ಬೇಡ ಟೀಚರಮ್ಮ. ಈಗ್ಲೇ ಕೊಡಣ. ನಮ್ಮಲ್ಲಿ ಮಯ್ಯತ್ ಸುದ್ದಿ ಒಂದು ಗಳಿಗೆ ಇಟ್ಕೊಳ್ಳಲ್ಲ."

"ನಮ್ಮಲ್ಲಿ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ ಕಣಪ್ಪ. ಬಿದ್ದರೆ ಮದುವೆ ನಿಂತಿತು. ನಿಂತ ಮದುವೆಯ ಹುಡುಗಿಯನ್ನು ಆಮೇಲೆ ಯಾರು ಕೇಳುತ್ತಾರೆ?"

ತಂತಿಯನ್ನು ಮಡಿಸಿ ಕೈಚೀಲದಲ್ಲಿಟ್ಟೆ. ಬಿಸಿನೀರಿನ ಪಟ್ಟಿಯನ್ನು ಪೂರ್ತಿ ಮಾಡಿದೆ. ಅಕ್ಷರ ಅಂಕುಡೊಂಕಾಗಲಿಲ್ಲ.

ಭಾನುವಾರ ಎಂಟು ಗಂಟೆಗೆ ಧಾರೆ. ಆಮೇಲೆ ಕೊಡಬಹುದಿತ್ತು. ಊಟವಾಗಲಿ ಎಂದುಕೊಂಡೆ. ಊಟವಾಯಿತು. ಒಂದೂವರೆಗೆ ತಂತಿಯನ್ನು ಸಾದಿಕ್ ಕೈಗೆ ಕೊಟ್ಟು "ಈಗ ಕೊಡು" ಎಂದೆ. ಊಟದ ಕೊನೆಯ ಪಂಕ್ತಿಯನ್ನು ನೋಡಿಕೊಳ್ಳಬೇಕಾಗಿತ್ತು — ಇದು ಕಾರಣವಲ್ಲ. ನಾನೇ ಕೊಡಲಾರದೆ ಹೋದೆ.

ಪುಟ್ಟಸ್ವಾಮಯ್ಯನವರು ಓದಿದರು. ಅಂಚೆಯ ಮೊಹರಿನ ಮೇಲೆ ವೇಳೆ ಇತ್ತು. "ನಿನ್ನೆ ಸಾಯಂಕಾಲ ಬಂದಿದೆ! ಇಷ್ಟು ಹೊತ್ತು ಎಲ್ಲಿತ್ತಯ್ಯಾ ಇದು?"

ಸಾದಿಕ್ ನನ್ನ ಕಡೆ ಒಂದು ಸಲ ನೋಡಿದ. ನಾನು ಮೂರು ಮಾರು ದೂರದಲ್ಲಿದ್ದೆ.

"ರಿಜಿಸ್ಟರ್ ಕೆಳಗೆ ಸೇರ್ಕೊಂಡಿತ್ತು ಸಾರ್. ಮರ್ತುಬಿಟ್ಟೆ."

ಇದು ನಾಲ್ಕನೆಯ ತಪ್ಪು.

೨೩-೫-೧೯೮೭, ಶನಿವಾರ

ಲಾಡ್ಜಿನಲ್ಲಿ ಕಸ ಗುಡಿಸುವ ಮುನಿಶಾಮಿ ಬಂದಿದ್ದ. ನಾಲ್ಕನೆಯ ನಂಬರಿನ ಕೊಠಡಿಯಲ್ಲಿ ನಮ್ಮವರು ಬಿಟ್ಟುಬಂದ ಹಿತ್ತಾಳೆ ಚೊಂಬನ್ನು ತಂದುಕೊಟ್ಟ. ಅರವತ್ತು ದಾಟಿದ ಮನುಷ್ಯ. ಬಿಸಿಲಿನಲ್ಲಿ ಬಂದಿದ್ದಾನೆಂದು ಮಜ್ಜಿಗೆ ಕೊಟ್ಟೆ. ಲೋಟ ಕೆಳಗಿಟ್ಟವನು ಏಳಲಿಲ್ಲ.

"ಸಾದಿಕಣ್ಣಂದು ಕೆಲ್ಸ ಹೋಯ್ತದಮ್ಮೋ."

"ಯಾಕೆ?"

"ಯಾಕಂತ ನೀವೂ ಕೇಳ್ತೀರಾ! ಬೀಗ್ರು ಕರ್ಮ ಮುಗಿಸ್ಕೊಂಡು ಸೀದಾ ಲಾಡ್ಜಿಗೇ ಬಂದ್ರು. ಓನರ್ ಸತ್ತಾರ್ ಸಾಹೇಬ್ರ ಮುಂದೆ ಕುಂತು ಅತ್ತುಬಿಟ್ರು. ಒಂದು ಮದ್ವೆ ಪಾರ್ಟೀನೂ ಈ ಕಡೆ ಬರ್ದಂಗೆ ಮಾಡ್ತೀನಿ ಅಂದ್ರು. ಸಾಹೇಬ್ರು ಏನು ಮಾಡ್ತಾರೆ? ಜೂನ್ ಹದಿನೈದ್ಕೆ ಬಿಟ್ಟೋಗು ಅಂದವ್ರೆ. ಮನೇಲಿ ಇಬ್ರು ತಂಗೀರು ಮದ್ವೆಗವ್ರೆ."

"ಸಾದಿಕ್ ಏನೂ ಹೇಳಲಿಲ್ಲವೆ?"

"ಅದೇ, ಮರ್ತೆ ಅಂತ. ನಾನು ಕೇಳ್ದೆ — ಲೇ, ನೀನು ಯಾವ ಕಾಗ್ದ ಮರ್ತಿದ್ದೀಯ ಇಲ್ಲಿಗಂಟ? ಹನ್ನೆರಡು ವರ್ಷದಾಗೆ ಒಂದು ಬೀಗದ ಕೈ ಕಳ್ದಿಲ್ಲ ನೀನು. ಅದ್ಕೆ ಅಂತಾನೆ: ಮುನಿಶಾಮಣ್ಣ, ನಾನು ಫೇಲಾದಾಗ ಅಪ್ಪ ಬೀಡಿ ಕಟ್ಟೋಕೆ ಕೂರ್ಸಿದ್ದ. ಟೀಚರಮ್ಮ ಮನೆಗಂಟ ಬಂದು ವಾಪಸ್ ಎಳ್ಕೊಂಡು ಹೋದ್ರು."

ಇದು ಸರಿ. ಹೋಗಿದ್ದೆ. ಆದರೆ ಅದು ನನ್ನ ಕೆಲಸವಾಗಿತ್ತು, ಅದಕ್ಕೆ ಸಂಬಳವಿತ್ತು.

ಮುನಿಶಾಮಿ ಎದ್ದು ಹೆಗಲ ಮೇಲೆ ಟವೆಲು ಹಾಕಿಕೊಂಡ. "ನಾನೇನೂ ಹೇಳಿಲ್ಲಮ್ಮ. ಚೊಂಬು ಕೊಡೋಕೆ ಬಂದೆ."

೨೮-೫-೧೯೮೭, ಗುರುವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲವೆಂದಲ್ಲ.

ಇಂದುಮತಿಯ ಮದುವೆ ಮಾಡಿಸಿದ ಪುರೋಹಿತರು ಇಂದು ಬಜಾರಿನಲ್ಲಿ ಸಿಕ್ಕರು. ಯಾರದೋ ಮನೆಯ ವಿಷಯವೆಂಬಂತೆ ಕೇಳಿದೆ — ಮದುವೆಯ ಹಿಂದಿನ ಸಂಜೆ ಸಾವಿನ ಸುದ್ದಿ ಬಂದರೆ ಏನು ಮಾಡುವುದು?

"ನಾಂದಿ ಆಗಿದ್ಯೋ ಇಲ್ವೋ?"

"ಆಗಿತ್ತು ಎಂದಿಟ್ಟುಕೊಳ್ಳಿ."

"ಹಾಗಾದ್ರೆ ಏನಿದೆ? ನಾಂದಿ ಇಟ್ಟ ಮೇಲೆ ಸೂತಕ ಮದುವೆಯನ್ನ ಮುಟ್ಟಲ್ಲ. ಹೋಗ್ಬೇಕಾದೋರು ಹೋಗ್ತಾರೆ. ಅವರ ಜಾಗದಲ್ಲಿ ಸೋದರಮಾವನೋ ಚಿಕ್ಕಪ್ಪನೋ ನಿಂತ್ಕೋತಾರೆ. ಮುಹೂರ್ತ ನಡೆಯತ್ತೆ." ಕೊತ್ತಂಬರಿ ಕಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಸೇರಿಸಿದರು: "ನಿಮ್ಮ ಬೀಗರ ಮನೇದು ತಾನೆ ಕೇಳ್ತಿರೋದು? ಶನಿವಾರ ಬೆಳಿಗ್ಗೆ ಬಿಡದೀಲಿ ನಾನೇ ನಾಂದಿ ಮಾಡ್ಸಿದ್ದೆನಲ್ಲಮ್ಮ. ಆ ಸಂಜೆಯೆಲ್ಲ ಅಲ್ಲೇ ಜಗಲಿ ಮೇಲೆ ಕೂತಿದ್ದೆ. ಟೆಲಿಗ್ರಾಂ ಬಂದಿದ್ದು ಯಾರಾದ್ರೂ ಒಂದು ಮಾತು ಹೇಳಿದ್ರೆ ಆಗ್ಲೇ ಹೇಳ್ಬಿಡ್ತಿದ್ದೆ."

ಲಾಡ್ಜಿನ ಜಗಲಿ ಪಡಸಾಲೆಗೆ ತಾಗಿಕೊಂಡೇ ಇದೆ. ನಾನು ಕುಳಿತಿದ್ದ ಕುರ್ಚಿಯಿಂದ ಅವರ ಜನಿವಾರ ಕಾಣುತ್ತಿತ್ತು. ಕೇಳಬೇಕೆಂದು ಹೊಳೆಯಲಿಲ್ಲ. ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಎಲ್ಲರೂ ನನ್ನನ್ನೇ ಕೇಳುತ್ತಿದ್ದರು.

ತರಕಾರಿ ತಾರದೆ ಮನೆಗೆ ಬಂದೆ.

೨೯-೫-೧೯೮೭, ಶುಕ್ರವಾರ. ಸಂಜೆ ೪

ಗೋದಮ್ಮ ಬಂದು ಹೋದಳು. ಎಲ್ಲವನ್ನೂ ಹೇಳಿದೆ. ಅಳುವಳೆಂದುಕೊಂಡಿದ್ದೆ. ಅಳಲಿಲ್ಲ.

"ಅತ್ತಿಗೆ, ಇದು ನಿಮ್ಮ ಹೊಟ್ಟೇಲೇ ಇರ್ಲಿ. ಅವತ್ತೇ ನಂಗೆ ಅನುಮಾನ ಬಂದಿತ್ತು."

"ಅನುಮಾನವಿದ್ದೂ ಅವನ ಹೆಸರು ಬರೆದೆಯಲ್ಲ?"

"ಮತ್ತೆ ಯಾರ ಹೆಸರು ಬರೀಲಿ? ನಿಮ್ಮದಾ? ಇಂದೂ ಹೋಗಿ ಇನ್ನೂ ತಿಂಗಳಾಗಿಲ್ಲ. ಅವಳ ಮಾವ ಅರ್ಧ ಊಟಕ್ಕೇ ಎದ್ದುಬಿಡ್ತಾರಂತೆ. ಹೆಣ್ಣಿನ ಕಡೆಯೋರೇ ಮುಚ್ಚಿಟ್ರು ಅಂತ ಗೊತ್ತಾದ್ರೆ ದಿನಾ ಅವಳ ಮುಖ ನೋಡಿ ಏನಂದ್ಕೋತಾರೆ?"

"ಸಾದಿಕ್‌ನ ಕೆಲಸ ಹೋಗುತ್ತದೆ, ಗೋದಾ."

"ಅವನಿಗೆ ಬೇರೆ ಲಾಡ್ಜ್ ಸಿಗತ್ತೆ ಅತ್ತಿಗೆ. ನನ್ನ ಮಗಳಿಗೆ ಬೇರೆ ಅತ್ತೆಮನೆ ಸಿಗತ್ತಾ?"

ಕುಂಕುಮ ಕೊಟ್ಟೆ. ತೆಗೆದುಕೊಂಡು ಹೋದಳು.

೩೦-೫-೧೯೮೭, ಶನಿವಾರ

ಕಾಗದಗಳನ್ನು ಅಂಚೆಗೆ ಹಾಕಿದೆ. ಗೌರಿಬಿದನೂರಿಗೆ ಪುಟ್ಟಸ್ವಾಮಯ್ಯನವರಿಗೆ, ಚಿಂತಾಮಣಿಗೆ ತಮ್ಮನಿಗೆ ಮತ್ತು ಅಬ್ದುಲ್ ಸತ್ತಾರ್ ಅವರಿಗೆ. ಜೂನ್ ಏಳು, ಭಾನುವಾರ ಹನ್ನೊಂದು ಗಂಟೆಗೆ ಲಾಡ್ಜಿಗೆ ದಯಮಾಡಿಸಬೇಕು. ತಂತಿಯ ವಿಷಯ ಹೇಳುವುದಿದೆ.

ಇಂದುಮತಿಗೆ ಬೇರೆ ಬರೆದೆ. ನಡೆದದ್ದನ್ನೆಲ್ಲ ಬರೆದೆ. ನೀನು ಬರಬೇಡ ಎಂದೂ ಬರೆದೆ.

೭-೬-೧೯೮೭, ಭಾನುವಾರ. ಚಿಂತಾಮಣಿ ಬಸ್ ನಿಲ್ದಾಣ, ಮಧ್ಯಾಹ್ನ ೧೨.೪೦

ಬಸ್ಸು ತಡ. ನೆನಪು ಮಾಸುವ ಮೊದಲು ಬರೆದಿಡುತ್ತೇನೆ. ನಾಳೆ ಯಾರಾದರೂ ಬೇರೆ ರೀತಿ ಬರೆಯಬಹುದು.

ಹೇಳಿಕೆಯೊಂದನ್ನು ಬರೆದುಕೊಂಡು ಹೋಗಿದ್ದೆ. ಚೀಲದಿಂದ ತೆಗೆಯಲಿಲ್ಲ. ಬಾಯಿಮಾತಿನಲ್ಲೇ ಹೇಳಿದೆ. ತಂತಿ ಒಡೆದವಳು ನಾನು. ಮರುದಿನ ಮಧ್ಯಾಹ್ನದವರೆಗೆ ಇಟ್ಟುಕೊಂಡವಳು ನಾನು. ಸಾದಿಕ್ ಆಗಲೇ ಕೊಡೋಣವೆಂದ, ಬೇಡವೆಂದವಳು ನಾನು. ತಮ್ಮನ ಮನೆಯವರಿಗಾಗಲಿ, ಹುಡುಗಿಗಾಗಲಿ ಅಂದು ಏನೂ ತಿಳಿಯದು.

ಸಾದಿಕ್ ನಡುವೆ ಬಾಯಿ ಹಾಕಿದ. "ಅದಲ್ಲ ಸಾರ್, ಟೀಚರಮ್ಮಂಗೆ ವಯಸ್ಸಾಯ್ತು, ಏನೋ..."

"ಸುಮ್ಮನಿರು" ಎಂದೆ.

ಪುಟ್ಟಸ್ವಾಮಯ್ಯನವರು ಕೇಳಿದರು: "ನಮ್ಮಣ್ಣನಿಗೆ ಮಕ್ಕಳಿರಲಿಲ್ಲಮ್ಮ. ಗೊತ್ತಿತ್ತಾ ನಿಮಗೆ?"

"ಗೊತ್ತಿರಲಿಲ್ಲ."

"ಬೆಂಕಿ ಇಡಬೇಕಾದೋನು ನಾನು. ಹನ್ನೊಂದೂವರೆವರೆಗೂ ಕಾದ್ರಂತೆ. ಪಕ್ಕದ ಮನೆಯೋರು ಇಟ್ರು. ಆಗ ನಾನಿಲ್ಲಿ ಹೋಳಿಗೆ ತಿಂತಿದ್ದೆ. ಬಂದ ಮೂವತ್ತೊಂದು ಜನದ್ದೂ ಬರ್ಕೊಂಡಿದ್ರಿ ನೀವು. ಯಾರಿಗೆ ಮಂಡಿನೋವು, ಯಾರಿಗೆ ಮೆಟ್ಟಿಲು ಹತ್ತಕ್ಕಾಗಲ್ಲ, ಎಲ್ಲಾ. ಬರದೇ ಇದ್ದೋನ ವಿಷಯ ಒಂದು ಮಾತು ಕೇಳಲಿಲ್ಲ."

ಕೇಳಿರಲಿಲ್ಲ. ಹಾಗೆಂದೇ ಹೇಳಿದೆ.

ಅವರು ಎದ್ದು ಸಾದಿಕ್ ಮುಂದೆ ನಿಂತು ಕೈಮುಗಿದರು. "ತಪ್ಪಾಯ್ತು ಸಾಬ್ರೆ. ನಿಮ್ಮ ಹೊಟ್ಟೆ ಮೇಲೆ ಹೊಡೀತಿದ್ದೆ." ಅಬ್ದುಲ್ ಸತ್ತಾರ್ ಅವರು ಬೀಗದ ಕೈಗಳ ಗೊಂಚಲನ್ನು ಸಾದಿಕ್ ಕಡೆ ಸರಿಸಿದರು. ನನ್ನ ಕಡೆಗೆ ಬೀಗರು ತಿರುಗಲಿಲ್ಲ. ಬಾಗಿಲಿಗೆ ಹೋಗಿ, ಹಿಂದಿರುಗಿ ನೋಡದೆ ಕರೆದರು: "ನಡಿಯಮ್ಮಾ ಇಂದೂ. ಮನೇಲಿ ನಿಮ್ಮತ್ತೆ ಒಬ್ಳೇ ಇದ್ದಾಳೆ."

ಅವಳು ಹೋದಳು. ಅವರ ಜೊತೆಯಲ್ಲಿಯೇ ಹೋದಳು.

ಹಾಜರಿದ್ದವರು: ಲಾಡ್ಜಿನ ಮಾಲೀಕರಾದ ಅಬ್ದುಲ್ ಸತ್ತಾರ್ ಅವರು. ಮುನಿಶಾಮಿ, ಗುಡಿಸಿದ ಜಾಗವನ್ನೇ ಗುಡಿಸುತ್ತ. ತಮ್ಮ ವೆಂಕಟೇಶಮೂರ್ತಿ, ಬಾಗಿಲ ಹೊರಗೆ, ಆದರೆ ಕೇಳಿಸುವಷ್ಟು ಹತ್ತಿರ. ಗೋದಮ್ಮ, ನನಗೆ ಬೆನ್ನು ಮಾಡಿ. ಬೀಗರಾದ ಪುಟ್ಟಸ್ವಾಮಯ್ಯನವರು. ಸಾದಿಕ್ ಪಾಷಾ. ಇಂದುಮತಿ, ಬರಬೇಡವೆಂದಿದ್ದರೂ ಬಂದಿದ್ದಳು, ಮಾವನವರ ಚೀಲವನ್ನು ಅವಳೇ ಹಿಡಿದಿದ್ದಳು. ಮತ್ತು ನಾನು, ಬರೆದ ಹೇಳಿಕೆಯನ್ನು ಚೀಲದಲ್ಲಿಯೇ ಇಟ್ಟುಕೊಂಡು.