ಬೇರೆಯಾಗುವ ದೃಶ್ಯ

ಬೆಂಗಳೂರು, ೨೧೮೭ನೇ ಇಸವಿಯ ಹದಿಮೂರನೇ ತಿಂಗಳು

ನಮಗಿಂತ ಮೊದಲು ಈ ಊರಿನಲ್ಲಿ ಸಿನಿಮಾ ಮಾಡುತ್ತಿರುವವರಿಗೆ ಸೌದಾಮಿನಿಯ ನಮಸ್ಕಾರ. ಬಿಸಿಲುಗಾಲ ಉದ್ದವಾಯಿತೆಂದು ನಾವು ವರ್ಷಕ್ಕೆ ಒಂದು ತಿಂಗಳು ಸೇರಿಸಿಕೊಂಡಿದ್ದೇವೆ. ತಾರೀಖು ಕಂಡು ಗಾಬರಿಯಾಗಬೇಡಿ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಮನ್ನಿಸಿ.

ಇಲ್ಲಿ ಎಲ್ಲರೂ 'ಒಳಗಣ್ಣು' ಹಾಕಿಕೊಳ್ಳುತ್ತಾರೆ. ರೆಪ್ಪೆಯೊಳಗೆ ಕೂರುವ ತೆಳು ಪೊರೆ ಅದು. ಅದರಲ್ಲಿ ಒಬ್ಬೊಬ್ಬರಿಗೂ ಬೇರೆಯದೇ ಪ್ರೇಮಕಥೆ ಓಡುತ್ತದೆ. ನಾಯಕ ನಿಮ್ಮ ಹೆಸರು ಹಿಡಿದೇ ಕರೆಯುತ್ತಾನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ. ಸಂಜೆಯಾದರೆ ನಮ್ಮ ಕಟ್ಟಡದ ಮನೆಮನೆಯಲ್ಲೂ ಒಬ್ಬೊಬ್ಬರೇ ನಗುವುದು, ಒಬ್ಬೊಬ್ಬರೇ ಅಳುವುದು ಗೋಡೆಯಾಚೆಯಿಂದ ಕೇಳಿಸುತ್ತದೆ. ನನ್ನ ಗಂಡ ತೀರಿಕೊಂಡ ಮೇಲೆ ಒಳಗಣ್ಣು ಅವರ ಮುಖ ತೋರಿಸಿತು, ಅವರ ದನಿಯಲ್ಲೇ ಮಾತಾಡಿತು, ನಾನು ಹೇಳಿದ್ದಕ್ಕೆಲ್ಲ ಹೂಂಗುಟ್ಟಿತು. ಅವರು ಎಂದೂ ಹಾಗೆ ಒಪ್ಪಿದವರಲ್ಲ. ಅದನ್ನು ತೆಗೆದಿಟ್ಟೆ. ಎಲ್ಲರೂ ಒಟ್ಟಿಗೆ ಕೂತು ನೋಡುವ ಒಂದು ಪ್ರೇಮಚಿತ್ರ ಮಾಡಲು ಹೊರಟೆ.

ಲಿಫ್ಟ್ ರಿಪೇರಿಯ ಯಾಕೂಬ್, ಮಕ್ಕಳಿಗೆ ಈಜು ಕಲಿಸುವ ಚಾರುಮತಿ ನಟಿಸಲು ಒಪ್ಪಿದರು. ಕ್ಯಾಮೆರಾ ಹಿಡಿದವಳು ನಾನೇ. ಮೊದಲ ದಿನ ಗಾಂಧಿ ಬಜಾರಿನ ಹೂವಿನಂಗಡಿಗಳ ಮುಂದೆ ಯಾಕೂಬ್ ಎದುರು ನಿಂತೊಡನೆ ಚಾರುಮತಿ ಮುಖ ಮುಚ್ಚಿಕೊಂಡಳು. "ಅಕ್ಕಾ, ಇವರು ನಿಜವಾಗ್ಲೂ ನನ್ನನ್ನೇ ನೋಡ್ತಿದ್ದಾರೆ. ಹೆದರಿಕೆ ಆಗುತ್ತೆ." ಮಳೆಗಾಲ ಮುಗಿಯುವ ಹೊತ್ತಿಗೆ ನಾನು 'ಕಟ್' ಎಂದರೂ ಇಬ್ಬರೂ ಒಬ್ಬರ ಮೇಲಿಂದೊಬ್ಬರು ನೋಟ ತೆಗೆಯುತ್ತಿರಲಿಲ್ಲ. ಟೀ ಲೋಟ ಹಿಡಿದು ನಾನು ದೂರ ನಿಂತಿರುತ್ತಿದ್ದೆ.

ಕಥೆಯ ಕೊನೆಗೆ ಪ್ರೇಮಿಗಳು ಮೇಲ್ಸೇತುವೆಯ ಮೇಲೆ ಅಗಲಬೇಕಿತ್ತು. ಅಂದು ಯಾಕೂಬ್ ತಲೆ ತಗ್ಗಿಸಿ, "ಬೇರೆಯಾಗೋ ದೃಶ್ಯ ನಮ್ಮ ಕೈಲಾಗಲ್ಲ ಅಕ್ಕಾ. ಸುಳ್ಳಿಗೂ ಆಗಲ್ಲ," ಎಂದ. ಬೈದೆ, ಬೇಡಿಕೊಂಡೆ. ಮದುವೆಯಾಗಿ ಇಬ್ಬರೂ ಕಾರವಾರಕ್ಕೆ ಹೊರಟುಹೋದರು. ಅವರಿಗಾಗಿ ಸಂತೋಷಪಟ್ಟೆ. ಕೊನೆಗೊಂದು ದಿನ ಸೇತುವೆಯ ಕಂಬಿಗೆ ಕ್ಯಾಮೆರಾ ಕಟ್ಟಿ, ವಯಸ್ಸಾದ ನಾಯಕಿಯಾಗಿ ನಾನೇ ಹೋಗಿ ನಿಂತೆ.

ಬತ್ತಿದ ನೀರಿನ ಟ್ಯಾಂಕಿನೊಳಗೆ ಬಿಳಿ ಬಟ್ಟೆ ಕಟ್ಟಿ ಚಿತ್ರ ತೋರಿಸಿದೆ. ಬಂದವರು ಕೆಲವರೇ, ಒಬ್ಬರಿಂದೊಬ್ಬರು ದೂರ ಕೂತರು. ಕೊನೆಯ ದೃಶ್ಯದಲ್ಲಿ ಮುದುಕರೊಬ್ಬರು ಎದ್ದು ಪರದೆಯನ್ನೇ ಕೇಳಿದರು: "ಯಾರಿಗೆ ಕಾಯ್ತಿದ್ದೀರಮ್ಮಾ?"

ಪರದೆ ಸುಮ್ಮನಿತ್ತು. ಅವರು ಕಾದರು. ನಾನು ಹಿಂದೆ ಕತ್ತಲಲ್ಲಿ ಕೂತಿದ್ದೆ. ಆಗ ಯಾರೋ ಹೆಂಗಸು ತನ್ನ ಜಾಗ ಬಿಟ್ಟು ಅವರ ಪಕ್ಕಕ್ಕೆ ಬಂದು, "ಕೂತ್ಕೊಳ್ಳಿ. ಬಹುಶಃ ಅವರಿಗೂ ಗೊತ್ತಿಲ್ಲ," ಎಂದಳು. ಇಬ್ಬರೂ ಮೆಲ್ಲಗೆ ಮಾತಾಡತೊಡಗಿದರು. ಅವರ ಹಿಂದೆ ನಾನಿರುವುದು ಅವರಿಗೆ ತಿಳಿದಿರಲಿಲ್ಲ.

ನಿಮ್ಮಲ್ಲಿ ಒಂದೇ ಬೇಡಿಕೆ. ಉತ್ತರ ಕೊಡದ ಸಿನಿಮಾಗಳನ್ನು ಮಾಡುತ್ತಿರಿ. ಒಂದೆರಡಾದರೂ ನಮ್ಮವರೆಗೆ ಬರಲಿ.